ದೀಪವೂ ಒಲೆಯೂ

2024ನೆಯ ಇಸವಿ ಸೆಪ್ಟೆಂಬರ್ 30ನೆಯ ತಾರೀಖಿನಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್ ಪ್ರಾಂತದಲ್ಲಿರುವ ರ‍್ಯಾಟ್‌ಕ್ಲಿಫ್ ವಿದ್ಯುದಾಗಾರವು ಕಡೆಯ ಬಾರಿಗೆ ಕಲ್ಲಿದ್ದಲನ್ನು ಸುಟ್ಟು ಸ್ತಬ್ಧವಾಯಿತು. ಎಂಟು ಭಾರಿ ಶೀತಲಗೋಪುರಗಳುಳ್ಳ, 2,000 ಮೆಗಾವಾಟ್ ಸಾಮರ್ಥ್ಯದ ಈ ಸ್ಥಾವರವು ಅರ್ಧ ಶತಮಾನಕ್ಕೂ ಮಿಕ್ಕಿ ದುಡಿದಿದ್ದಿತು. ಬ್ರಿಟನ್ನಿನಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಹುಟ್ಟಿಸುತ್ತಿದ್ದ ಕಟ್ಟಕಡೆಯ ಸ್ಥಾವರವು ಇದೇ. ಸಾರ್ವಜನಿಕರಿಗೆ ಕಲ್ಲಿದ್ದಲಿನ ಬಲದಿಂದ ವಿದ್ಯುತ್ತನ್ನು ಒದಗಿಸುವ ಉದ್ಯಮವು ಲೋಕದಲ್ಲಿ ಮೊತ್ತಮೊದಲು ಆರಂಭವಾದುದೂ ಆ ದೇಶದಲ್ಲಿಯೇ; 1882ನೆಯ ಇಸವಿಯ ಜನವರಿಯಲ್ಲಿ, ಲಂಡನ್ ನಗರದ ಹಾಲ್ಬರ್ನ್ ವಯಡಕ್ಟಿನಲ್ಲಿ, ಎಡಿಸನ್ನನ ಯಂತ್ರಗಳಿಂದ. 142 ವರ್ಷಗಳ ತರುವಾಯ ಆ ಅಧ್ಯಾಯವನ್ನು ತೆರೆದವರೇ ಮುಚ್ಚಿದರು. ಇದು ಸಾಮಾನ್ಯ ಸಂಗತಿಯಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಇದರಿಂದ ಕಲಿಯತಕ್ಕ ಪಾಠವು ಯಾವುದು, ಕಲಿಯಬಾರದ ಪಾಠವು ಯಾವುದು ಎಂಬುದನ್ನು ನಾವು ವಿಚಾರ ಮಾಡಿ ನೋಡುವುದು ಅವಶ್ಯವಾಗಿದೆ.

ವಿಷಯದ ಮಹತ್ವವನ್ನು ಮೊದಲು ಸಂಕ್ಷೇಪವಾಗಿ ಹೇಳುವೆವು. ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಸುಡುವುದರಿಂದ ವರ್ಷಂಪ್ರತಿ 3,700 ಕೋಟಿ ಟನ್ನುಗಳಷ್ಟು ಇಂಗಾಲಾಮ್ಲ ವಾಯುವು, ಅಂದರೆ ಕಾರ್ಬನ್ ಡೈಆಕ್ಸೈಡು, ಆಕಾಶವನ್ನು ಸೇರುತ್ತಿದೆ. ವಿದ್ಯುದಾಗಾರಗಳದೂ ಅವುಗಳ ಜತೆಗಿನ ಶಾಖಾಗಾರಗಳದೂ ಅದರಲ್ಲಿ ಐದರಲ್ಲಿ ಎರಡು ಪಾಲಿನಷ್ಟಿದೆ. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇದ್ದ ಈ ವಾಯುವು ಇಂದು 420 ಭಾಗವನ್ನು ಮೀರಿದೆ. ಒಮ್ಮೆ ಮೇಲೇರಿದುದರಲ್ಲಿ ಒಂದು ದೊಡ್ಡ ಅಂಶವು ನೂರಾರು ವರ್ಷ ಅಲ್ಲಿಯೇ ನಿಲ್ಲುತ್ತದೆ. ಹಾಲ್ಬರ್ನಿನಲ್ಲಿ ಸುಟ್ಟ ಇದ್ದಲಿನ ಒಂದು ಪಾಲು ಈಗಲೂ ನಮ್ಮ ತಲೆಯ ಮೇಲಿದೆಯೆಂದರೆ ಅದು ಬರಿಯ ಅಲಂಕಾರದ ಮಾತಲ್ಲ.

ಬ್ರಿಟನ್ನಿನವರು ಕಲ್ಲಿದ್ದಲನ್ನು ಬಿಟ್ಟ ಬಗೆ ಹೇಗೆ? 2012ರಲ್ಲಿಯೂ ಆ ದೇಶದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 40 ಪಾಲು ಕಲ್ಲಿದ್ದಲಿನಿಂದಲೇ ಬರುತ್ತಿದ್ದಿತು. ಹನ್ನೆರಡು ವರ್ಷಗಳಲ್ಲಿ ಅದು ಶೂನ್ಯವಾಯಿತು. ಇದರಲ್ಲಿ ಪವಾಡವೇನೂ ಇಲ್ಲ. 2008ರಲ್ಲಿ ಪಾರ್ಲಿಮೆಂಟು ಹವಾಮಾನ ಬದಲಾವಣೆಯ ಶಾಸನವನ್ನು ಮಾಡಿ, ಮುಂದಿನ ಸರಕಾರಗಳನ್ನೂ ಕಟ್ಟುವಂಥ ಮಿತಿಯನ್ನು ಹಾಕಿತು. 2013ರಿಂದ ವಿದ್ಯುದಾಗಾರಗಳು ಬಿಡುವ ಇಂಗಾಲಕ್ಕೆ ಒಂದು ಕನಿಷ್ಠ ಬೆಲೆ ಗೊತ್ತಾಯಿತು. ಆ ಬೆಲೆಯನ್ನು ತೆತ್ತು ಇದ್ದಲನ್ನು ಸುಡುವುದು ನಷ್ಟದ ವ್ಯಾಪಾರವಾಯಿತು. ಉತ್ತರ ಸಮುದ್ರದಲ್ಲಿ ಗಾಳಿಯಂತ್ರಗಳು ಎದ್ದವು; 2024ರಲ್ಲಿ ಅಲ್ಲಿಯ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 30 ಪಾಲು ಗಾಳಿಯದೇ. ಕಡೆಯದಾಗಿ, ಇದ್ದಲಿನ ಸ್ಥಾವರಗಳನ್ನು ಮುಚ್ಚುವ ಅವಧಿಯನ್ನು ಸರಕಾರವು 2015ರಲ್ಲಿಯೇ ಸಾರಿ ಹೇಳಿತು. ಶಾಸನ, ಬೆಲೆ, ಬದಲಿ ವ್ಯವಸ್ಥೆ, ಅವಧಿ ಎಂಬ ಈ ನಾಲ್ಕೂ ಕೂಡಿದ್ದರಿಂದ ಕಾರ್ಯವು ಕೈಗೂಡಿತು.

ಹಾಗೆಂದು ನಾವು ಈ ಯಶಸ್ಸನ್ನು ಇದ್ದುದಕ್ಕಿಂತ ದೊಡ್ಡದು ಮಾಡಿ ಹೇಳಲಾರೆವು. ಇದ್ದಲಿನ ಸ್ಥಾನವನ್ನು ಸ್ವಲ್ಪ ಮಟ್ಟಿಗೆ ನೈಸರ್ಗಿಕ ಅನಿಲವೇ ಆಕ್ರಮಿಸಿತು. ಅನಿಲವು ಇದ್ದಲಿಗಿಂತ ಅರ್ಧದಷ್ಟು ಇಂಗಾಲವನ್ನು ಬಿಡುವುದಾದರೂ, ಬಿಡುವುದೇನೋ ದಿಟ. ಇನ್ನೊಂದು ಪಾಲು ಅಮೆರಿಕೆಯ ಕಾಡುಗಳಿಂದ ಹಡಗಿನಲ್ಲಿ ಬರುವ ಕಟ್ಟಿಗೆಯ ಗುಳಿಗೆಗಳಿಂದ ಹುಟ್ಟುತ್ತದೆ. ಅದನ್ನು ಶುದ್ಧವೆಂದು ಎಣಿಸುವುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೀಗಿದ್ದರೂ ಮುಖ್ಯ ಸಂಗತಿಯು ಸ್ಥಿರವಾಗಿದೆ. ಒಂದು ದೊಡ್ಡ ಕೈಗಾರಿಕಾ ದೇಶವು ಇದ್ದಲಿಲ್ಲದೆ ದೀಪ ಹೊತ್ತಿಸಬಹುದೆಂಬುದು ಈಗ ವಾದದ ವಿಷಯವಾಗಿ ಉಳಿದಿಲ್ಲ.

ಲೋಕದ ಉಳಿದ ಭಾಗದಲ್ಲಿಯೂ ದೀಪದ ಶುದ್ಧಿಯು ನಡೆದಿದೆ. ಫ್ರಾನ್ಸು 1973ರ ಎಣ್ಣೆಯ ಬಿಕ್ಕಟ್ಟಿನ ಮರುವರ್ಷವೇ ಪರಮಾಣು ಸ್ಥಾವರಗಳ ಯೋಜನೆಯನ್ನು ಕೈಕೊಂಡಿತು. ಇಂದು ಅದರ ವಿದ್ಯುತ್ತಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಲ್ಲಿಂದಲೇ ಬರುತ್ತದೆ. ಲೋಕದಲ್ಲಿ ಸುಡುವ ಇದ್ದಲಿನ ಅರ್ಧಕ್ಕಿಂತ ಹೆಚ್ಚನ್ನು ತಾನೊಬ್ಬನೇ ಸುಡುವ ಚೀನಾ ದೇಶವು, 2024 ಒಂದೇ ವರ್ಷದಲ್ಲಿ 2,70,000 ಮೆಗಾವಾಟಿಗೂ ಮಿಕ್ಕ ಸೌರಫಲಕಗಳನ್ನು ಜೋಡಿಸಿತು. 2010ರಿಂದ 2020ರ ವರೆಗಿನ ಹತ್ತು ವರ್ಷಗಳಲ್ಲಿ ಈ ಫಲಕಗಳ ಬೆಲೆಯು ಹತ್ತರಲ್ಲಿ ಒಂಬತ್ತು ಪಾಲು ಇಳಿಯಿತು. 2024ರಲ್ಲಿ ಲೋಕದ ವಿದ್ಯುತ್ತಿನಲ್ಲಿ ನೂರಕ್ಕೆ 40 ಪಾಲಿಗಿಂತ ಹೆಚ್ಚು ನೀರು, ಗಾಳಿ, ಬಿಸಿಲು, ಪರಮಾಣು ಮೊದಲಾದ ಇಂಗಾಲ ಕಡಿಮೆಯಾದ ಮೂಲಗಳಿಂದ ಬಂದಿತು. ಆದರೂ ಇದ್ದಲಿನ ಪಾಲು ಇನ್ನೂ ಮೂರರಲ್ಲಿ ಒಂದರಷ್ಟಿದೆ. ದಾರಿಯು ತೆರೆದಿದೆ; ನಡೆಯುವುದು ಬಹಳ ಉಳಿದಿದೆ.

ಇಲ್ಲಿಯ ವರೆಗೆ ದೀಪದ ಮಾತಾಯಿತು. ಒಲೆಯ ಮಾತೇನು?

ಇದನ್ನೇ ನಾವು ಈ ಹೊತ್ತು ಮುಖ್ಯವಾಗಿ ವಾಚಕರ ಗಮನಕ್ಕೆ ತರಬಯಸುವುದು. ಮನುಷ್ಯನು ಕಟ್ಟಕಡೆಗೆ ಬಳಸುವ ಶಕ್ತಿಯಲ್ಲಿ ಸುಮಾರು ಅರ್ಧವು ಶಾಖದ ರೂಪದಲ್ಲಿಯೇ ವ್ಯಯವಾಗುತ್ತದೆ. ಚಳಿದೇಶಗಳ ಮನೆಗಳನ್ನು ಬೆಚ್ಚಗಿಡುವುದು, ಸ್ನಾನದ ನೀರನ್ನು ಕಾಯಿಸುವುದು, ಅಡಿಗೆ, ಕಾರ್ಖಾನೆಗಳ ಬಾಯ್ಲರು, ಇಟ್ಟಿಗೆಯ ಆವಿಗೆ, ಉಕ್ಕಿನ ಕುಲುಮೆ ಎಲ್ಲವೂ ಇದರಲ್ಲಿ ಸೇರುತ್ತವೆ. ಈ ಶಾಖದ ಬಹುಭಾಗವು ಇಂದಿಗೂ ಏನನ್ನಾದರೂ ಸುಟ್ಟೇ ಹುಟ್ಟುತ್ತದೆ. ಹೀಗಿದ್ದರೂ ಸಮ್ಮೇಳನಗಳಲ್ಲಿ, ವರ್ತಮಾನ ಪತ್ರಗಳಲ್ಲಿ, ಮಂತ್ರಿಗಳ ಭಾಷಣಗಳಲ್ಲಿ ಕೇಳಿಬರುವುದು ವಿದ್ಯುತ್ತಿನ ಮಾತೇ. ರ‍್ಯಾಟ್‌ಕ್ಲಿಫನ್ನು ಮುಚ್ಚಿದ ಬ್ರಿಟನ್ನಿನಲ್ಲಿ ಹತ್ತರಲ್ಲಿ ಸುಮಾರು ಎಂಟು ಮನೆಗಳು ಇಂದೂ ಅನಿಲವನ್ನು ಸುಟ್ಟೇ ಚಳಿಯನ್ನು ನೀಗುತ್ತವೆ.

ಕಾರಣವು ಸ್ಪಷ್ಟವಾಗಿದೆ. ವಿದ್ಯುದಾಗಾರವನ್ನು ಮುಚ್ಚಲು ಒಂದು ಬಾಗಿಲಿಗೆ ಬೀಗ ಹಾಕಿದರೆ ಸಾಕು; ಮನೆಯಲ್ಲಿ ಕುಳಿತವನಿಗೆ ದೀಪದ ಬೆಳಕಿನಲ್ಲಿ ಯಾವ ಭೇದವೂ ಕಾಣದು. ಒಲೆಯನ್ನು ಬದಲಿಸಬೇಕಾದರೆ ಎರಡು ಕೋಟಿಗೂ ಹೆಚ್ಚಿನ ಮನೆಗಳ ಹೊಸ್ತಿಲನ್ನು ದಾಟಬೇಕು. ಒಬ್ಬೊಬ್ಬ ಗೃಹಸ್ಥನೂ ಕೈಯಿಂದ ಹಣ ಬಿಚ್ಚಬೇಕು. ಯಾವ ಮಂತ್ರಿಯೂ ಇದನ್ನು ಸಂತೋಷದಿಂದ ಕೈಕೊಳ್ಳಲಾರನು.

ಆದರೆ ಅಸಾಧ್ಯವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಏಕೆಂದರೆ ಇದನ್ನು ಮಾಡಿ ತೋರಿಸಿದ ದೇಶಗಳಿವೆ. ಐಸ್‌ಲ್ಯಾಂಡಿನ ರಾಜಧಾನಿಯಾದ ರೇಕ್ಯಾವಿಕ್ ನಗರದಲ್ಲಿ 1930ರಲ್ಲಿ ಬಿಸಿನೀರಿನ ಬುಗ್ಗೆಯಿಂದ ಕೊಳವೆಯ ಮೂಲಕ ಒಂದು ಶಾಲೆಗೂ ಕೆಲವು ಮನೆಗಳಿಗೂ ನೀರು ಬಂದಿತು. ಇಂದು ಆ ದೇಶದ ಹತ್ತರಲ್ಲಿ ಒಂಬತ್ತು ಮನೆಗಳು ಭೂಗರ್ಭದ ಶಾಖದಿಂದಲೇ ಬೆಚ್ಚಗಿವೆ. ಅದು ಪ್ರಕೃತಿಯ ವರವೆಂದು ಹೇಳಿಯಾರು. ಹಾಗಾದರೆ ಡೆನ್ಮಾರ್ಕಿನ ನಿದರ್ಶನವನ್ನು ನೋಡಿರಿ. 1973ರಲ್ಲಿ ಆ ದೇಶವು ತನ್ನ ಶಕ್ತಿಯ ಬಹುಪಾಲಿಗೆ ಹೊರದೇಶದ ಎಣ್ಣೆಯನ್ನೇ ನಂಬಿದ್ದಿತು. ಎಣ್ಣೆಯ ಬೆಲೆಯೇರಿದಾಗ ಪೆಟ್ಟು ತಿಂದು ಎಚ್ಚತ್ತು, 1979ರಲ್ಲಿ ಶಾಖದ ಸರಬರಾಜಿಗೇ ಒಂದು ಶಾಸನವನ್ನು ಮಾಡಿತು. ಪ್ರತಿಯೊಂದು ಪುರಸಭೆಯೂ ತನ್ನ ಊರಿಗೆ ಶಾಖದ ಯೋಜನೆಯನ್ನು ಹಾಕಬೇಕಾಯಿತು. ಊರಿಗೆಲ್ಲ ಒಂದು ಕಡೆ ನೀರನ್ನು ಕಾಯಿಸಿ, ನಮ್ಮಲ್ಲಿ ನಲ್ಲಿಯ ನೀರು ಬರುವಂತೆ ನೆಲದೊಳಗಿನ ಕೊಳವೆಗಳಿಂದ ಮನೆಮನೆಗೆ ಹರಿಸುವ ಪದ್ಧತಿಯದು. ಇಂದು ಅಲ್ಲಿಯ ಮೂರರಲ್ಲಿ ಎರಡು ಮನೆಗಳಿಗೆ ಶಾಖವು ಹೀಗೆಯೇ ಬರುತ್ತದೆ. ಈ ಪದ್ಧತಿಯ ಹೆಚ್ಚಳವೆಂದರೆ, ಇಂಧನವನ್ನು ಬದಲಿಸಬೇಕಾದಾಗ ಸಾವಿರ ಮನೆಗಳ ಒಲೆಗಳನ್ನು ಮುಟ್ಟಬೇಕಾಗಿಲ್ಲ. ಊರಿನ ಒಂದು ಬಾಯ್ಲರನ್ನು ಬದಲಿಸಿದರೆ ತೀರಿತು. ಒಲೆಯ ಪ್ರಶ್ನೆಯನ್ನು ಅವರು ದೀಪದ ಪ್ರಶ್ನೆಯಂತೆ ಸುಲಭ ಮಾಡಿಕೊಂಡರು.

ಸ್ವೀಡನ್ ದೇಶವು ಇದೇ ಕೊಳವೆಗಳ ಪದ್ಧತಿಗೆ ಕರದ ಬಲವನ್ನು ಕೂಡಿಸಿತು. 1991ರಲ್ಲಿ ಪ್ರತಿ ಟನ್ನು ಇಂಗಾಲಾಮ್ಲಕ್ಕೆ 250 ಕ್ರೋನದಂತೆ ಕರವನ್ನು ವಿಧಿಸಿ, ಅದೇ ಕಾಲಕ್ಕೆ ಜನರ ವರಮಾನದ ತೆರಿಗೆಯನ್ನು ಇಳಿಸಿತು. ಕರವು ಈಗ ಐದು ಪಟ್ಟಿಗಿಂತ ಹೆಚ್ಚಾಗಿದೆ; ಮನೆಗಳನ್ನು ಕಾಯಿಸಲು ಎಣ್ಣೆಯನ್ನು ಸುಡುವುದು ಅಲ್ಲಿ ಹೆಚ್ಚುಕಡಿಮೆ ನಿಂತೇಹೋಗಿದೆ. ಜನರು ದಂಗೆಯೇಳಲಿಲ್ಲ; ಉದ್ಯಮಗಳು ನಾಶವಾಗಲಿಲ್ಲ. ಕೊಡುವುದನ್ನೂ ಕೊಳ್ಳುವುದನ್ನೂ ಒಟ್ಟಿಗೆ ಮಾಡಿದ್ದೇ ಇದಕ್ಕೆ ಕಾರಣ.

ನಾರ್ವೆಯವರು ಹೀಟ್ ಪಂಪು ಎಂಬ ಯಂತ್ರವನ್ನು ಅವಲಂಬಿಸಿದ್ದಾರೆ. ಮನೆಯ ಶೈತ್ಯಪೆಟ್ಟಿಗೆಯು ಒಳಗಿನ ಶಾಖವನ್ನು ಹೀರಿ ಹಿಂಬದಿಯಿಂದ ಹೊರಗೆ ಬಿಡುವುದನ್ನು ವಾಚಕರು ಬಲ್ಲರು. ಇದೂ ಅದೇ ತತ್ತ್ವದ್ದು. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ಮನೆಯೊಳಕ್ಕೆ ತರುತ್ತದೆ. ಶಾಖವನ್ನು ಹುಟ್ಟಿಸುವ ಬದಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದರಿಂದ, ಒಂದು ಪಾಲು ವಿದ್ಯುತ್ತಿಗೆ ಮೂರು ಪಾಲಿನಷ್ಟು ಶಾಖವು ದೊರೆಯುತ್ತದೆ. ವಿಚಿತ್ರವೆಂದರೆ ಈ ಕಲ್ಪನೆಯನ್ನು 1852ರಲ್ಲಿಯೇ ಲೋಕಕ್ಕೆ ಕೊಟ್ಟವರು ಗ್ಲಾಸ್ಗೋ ವಿಶ್ವವಿದ್ಯಾಲಯದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದವರು. ನಾರ್ವೆಯ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಇಂದು ಈ ಯಂತ್ರವಿದೆ. ಕೆಲ್ವಿನ್ನರ ದೇಶವು ಈ ವಿಷಯದಲ್ಲಿ ಯೂರೋಪಿನ ಹಿಂದಿನ ಸಾಲಿನಲ್ಲಿದೆ.

ಏಕೆ? ಅಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಬೆಲೆಯು ಅಷ್ಟೇ ಶಕ್ತಿಯ ಅನಿಲದ ಬೆಲೆಗೆ ಸುಮಾರು ನಾಲ್ಕು ಪಟ್ಟು ಇದ್ದಿತು. ಯಂತ್ರವು ಮೂರು ಪಟ್ಟು ಶಾಖವನ್ನು ಕೊಟ್ಟರೂ ಗೃಹಸ್ಥನಿಗೆ ಲಾಭವೇನು ಉಳಿಯಿತು? ದೀಪವನ್ನು ಶುದ್ಧ ಮಾಡಿದ ವೆಚ್ಚದ ಬಹುಭಾಗವನ್ನು ವಿದ್ಯುತ್ತಿನ ಬಿಲ್ಲಿನ ಮೇಲೆಯೇ ಹೇರಿ, ಅನಿಲವನ್ನು ಅಗ್ಗವಾಗಿ ಬಿಟ್ಟ ನೀತಿಯ ಫಲವಿದು. ಒಂದು ಕೈಯಿಂದ ಶುದ್ಧವಾದ ವಿದ್ಯುತ್ತನ್ನು ಹುಟ್ಟಿಸಿ, ಇನ್ನೊಂದು ಕೈಯಿಂದ ಅದು ಒಲೆಯ ಬಳಿಗೆ ಹೋಗದಂತೆ ತಡೆದಂತಾಯಿತು. ಬ್ರಿಟನ್ನಿನ ಅನುಭವದಿಂದ ಅನುಕರಣೀಯವಾದುದು ಎಷ್ಟಿದೆಯೋ ವರ್ಜ್ಯವಾದುದೂ ಅಷ್ಟೇ ಇದೆ.

ಆತುರದ ಕೇಡನ್ನೂ ಮರೆಯಬಾರದು. 2017ರಲ್ಲಿ ಉತ್ತರ ಚೀನದ ಅಧಿಕಾರಿಗಳು ಮನೆಗಳಲ್ಲಿ ಇದ್ದಲಿನ ಒಲೆಗಳನ್ನು ತೆಗೆಸಿ ಅನಿಲವನ್ನು ತರುವ ಕಾರ್ಯವನ್ನು ಭರದಿಂದ ನಡೆಸಿದರು. ಗೊತ್ತುಪಡಿಸಿದ ಸಂಖ್ಯೆಯನ್ನು ಮುಟ್ಟುವ ಹುರುಪಿನಲ್ಲಿ, ಹೊಸ ಕೊಳವೆಗಳು ಸಿದ್ಧವಾಗುವುದಕ್ಕೆ ಮುಂಚೆಯೇ ಹಳೆಯ ಒಲೆಗಳು ಹೋದವು, ಅನಿಲವೂ ಸಾಲದಾಯಿತು. ಹೆಬೈ ಪ್ರಾಂತದಲ್ಲಿ ಶಾಲೆಯ ಮಕ್ಕಳು ಕೊರೆಯುವ ಕೋಣೆಗಳನ್ನು ಬಿಟ್ಟು ಅಂಗಳದ ಬಿಸಿಲಿನಲ್ಲಿ ಕುಳಿತು ಪಾಠ ಕಲಿಯಬೇಕಾಯಿತು. ಡಿಸೆಂಬರಿನಲ್ಲಿ ಸರಕಾರವೇ ಹಿಂಜರಿದು, ಬದಲಿ ಸಿದ್ಧವಾಗದ ಕಡೆ ಇದ್ದಲನ್ನು ಸುಡಬಹುದೆಂದು ಅಪ್ಪಣೆ ಕೊಟ್ಟಿತು. ಹೊಸ ಒಲೆಯು ಹೊತ್ತಿದ ಮೇಲೆಯೇ ಹಳೆಯದನ್ನು ಆರಿಸಬೇಕೆಂಬ ಸಾಮಾನ್ಯ ಗೃಹಿಣಿಯ ವಿವೇಕವು ಕಛೇರಿಯ ಲೆಕ್ಕದಲ್ಲಿ ಕಳೆದುಹೋಯಿತು. 2023ರಲ್ಲಿ ಜರ್ಮನಿಯಲ್ಲಿಯೂ ಮನೆಗಳ ಶಾಖದ ಶಾಸನವು ಬಂದಾಗ, ವೆಚ್ಚವನ್ನು ಯಾರು ಹೊರಬೇಕೆಂಬುದು ಸ್ಪಷ್ಟವಾಗದೆ ದೊಡ್ಡ ಕೋಲಾಹಲವೇ ಎದ್ದಿತು. ಜನರು ವಿರೋಧಿಸಿದ್ದು ಶುದ್ಧಿಯನ್ನಲ್ಲ, ಅನಿಶ್ಚಯವನ್ನು ಎಂದು ನಾವು ಭಾವಿಸುತ್ತೇವೆ.

ಇನ್ನು ನಮ್ಮ ದೇಶದ ವಿಚಾರಕ್ಕೆ ಬರುವೆವು. ಭಾರತದ ವಿದ್ಯುತ್ತಿನಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಇಂದಿಗೂ ಕಲ್ಲಿದ್ದಲಿನದೇ. ಇದನ್ನು ಹಿಡಿದು ಹೊರಗಿನವರು ನಮಗೆ ಉಪದೇಶ ಮಾಡುವುದುಂಟು. ಆ ಉಪದೇಶವನ್ನು ತಲೆಬಾಗಿ ಕೇಳಬೇಕಾದ ಕಾರಣವನ್ನು ನಾವು ಕಾಣೆವು. ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಬೀಳುವ ಇಂಗಾಲಾಮ್ಲವು ಸುಮಾರು 2 ಟನ್ನು. ಅಮೆರಿಕದವನ ಪಾಲಿಗೆ ಸುಮಾರು 14 ಟನ್ನು. 142 ವರ್ಷ ಸುಟ್ಟು ಸಿರಿವಂತರಾದವರು, ಈಗ ಮುಂದೆ ಬರುತ್ತಿರುವವರಿಗೆ ಅದೇ ಅವಸರವನ್ನು ವಿಧಿಸುವುದಾದರೆ ಹಣವನ್ನೂ ವಿದ್ಯೆಯನ್ನೂ ಕೊಡತಕ್ಕದ್ದು ನ್ಯಾಯ. 2024ರಲ್ಲಿ ಬಾಕು ನಗರದ ಸಮ್ಮೇಳನದಲ್ಲಿ ಸಿರಿವಂತ ದೇಶಗಳು 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರುಗಳನ್ನು ಒದಗಿಸುವ ಮಾತನ್ನು ಕೊಟ್ಟಾಗ, ಭಾರತದ ಪ್ರತಿನಿಧಿಗಳು ಅದು ಏನೇನೂ ಸಾಲದೆಂದು ಸಭೆಯಲ್ಲಿಯೇ ಪ್ರತಿಭಟಿಸಿದರು. ಆ ಪ್ರತಿಭಟನೆಯು ಯುಕ್ತವಾದುದೇ.

ಆದರೆ ಪರರ ತಪ್ಪು ನಮ್ಮ ಆಲಸ್ಯಕ್ಕೆ ಆಧಾರವಾಗಲಾರದು. ಬಿಸಿಲಿನ ತಾಪವೂ, ತಪ್ಪಿದ ಮಳೆಯೂ ಮೊದಲು ಹೊಡೆಯುವುದು ನಮ್ಮ ರೈತನನ್ನೇ. ಅಲ್ಲದೆ, ಶುದ್ಧವಾದ ದೀಪವೆಂಬುದು ಈ ನಾಡಿಗೆ ಹೊರಗಿನಿಂದ ಬಂದ ಹೊಸ ಬೋಧೆಯೇನೂ ಅಲ್ಲ. 1902ರಲ್ಲಿಯೇ ಶಿವನಸಮುದ್ರದ ಕಾವೇರಿಯ ನೀರು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳಿಸಿತು; 1905ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದ ಬೆಳಗಿದವು. ರಾಯಚೂರಿನಲ್ಲಿ ಇದ್ದಲಿನ ಸ್ಥಾವರವು ದುಡಿಯತೊಡಗಿದ್ದು 1985ರಲ್ಲಿ. ಈಚೆಗೆ ಪಾವಗಡದ ಬರಗಾಲದ ನೆಲದಲ್ಲಿ, ಸುಮಾರು 13,000 ಎಕರೆಗಳ ಮೇಲೆ, 2,050 ಮೆಗಾವಾಟಿನ ಸೌರಕ್ಷೇತ್ರವು ಎದ್ದಿದೆ. ಅಲ್ಲಿ ರೈತರ ನೆಲವನ್ನು ಕಸಿದುಕೊಳ್ಳದೆ, ವರ್ಷಂಪ್ರತಿ ಗುತ್ತಿಗೆಯ ಹಣವನ್ನು ಕೊಟ್ಟು ಪಡೆದದ್ದು ಶ್ಲಾಘ್ಯವಾದ ಕ್ರಮ. ಶರಾವತಿಯ ಕಣಿವೆಯಲ್ಲಿ ಇಡೀ ನಾಡಿನ ದೀಪಕ್ಕಾಗಿ ಮನೆಮಾರುಗಳನ್ನು ನೀರಿಗೆ ಒಪ್ಪಿಸಿ ಹೊರಟವರ ಗೋಳನ್ನು ಬಲ್ಲವರು ಈ ಭೇದದ ಬೆಲೆಯನ್ನು ಅರಿಯುವರು.

ಒಲೆಯ ವಿಷಯದಲ್ಲಿಯೂ ನಮ್ಮಲ್ಲಿ ಒಂದು ಒಳ್ಳೆಯ ಆರಂಭವಿದೆ. ಬಚ್ಚಲುಮನೆಯ ತಾಮ್ರದ ಹಂಡೆಯ ಕೆಳಗೆ ಸೌದೆ ಉರಿಸಿ ನೀರು ಕಾಯಿಸುತ್ತಿದ್ದ ಕಾಲವು ನಮ್ಮ ಹಿರಿಯರ ನೆನಪಿನಲ್ಲಿದೆ. ಇಂದು ಬೆಂಗಳೂರಿನ ಮಾಳಿಗೆಗಳ ಮೇಲೆ ದೃಷ್ಟಿ ಹಾಯಿಸಿದರೆ ಸೌರ ಜಲತಾಪಕಗಳು ಸಾಲುಸಾಲಾಗಿ ಕಾಣುತ್ತವೆ. ನಿಗದಿತ ಅಳತೆಗಿಂತ ದೊಡ್ಡದಾದ ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿ, ಬಿಲ್ಲಿನಲ್ಲಿ ಅಲ್ಪ ರಿಯಾಯಿತಿಯನ್ನೂ ಕೊಟ್ಟುದರ ಫಲವಿದು. ಕಟ್ಟಳೆ ಹಾಗೂ ರಿಯಾಯಿತಿ ಎರಡೂ ಜತೆಗೂಡಿದರೆ ಸಾಮಾನ್ಯ ಗೃಹಸ್ಥನು ತಾನಾಗಿಯೇ ಮುಂದೆ ಬರುವನೆಂಬುದಕ್ಕೆ ಸ್ವೀಡನ್ನಿನ ವರೆಗೆ ಹೋಗಬೇಕಾಗಿಲ್ಲ. ನಮ್ಮ ಮಾಳಿಗೆಗಳೇ ಸಾಕ್ಷಿ.

ಈಗ ಮುಂದಿನ ಹೆಜ್ಜೆಗಳು ಆಗಬೇಕು. ಬಹುಮಹಡಿಯ ಕಟ್ಟಡಗಳಲ್ಲಿ ಮಾಳಿಗೆಯು ಎಲ್ಲರಿಗೂ ಸಾಲದು. ಅಲ್ಲಿ ಹೀಟ್ ಪಂಪಿನಿಂದ ನೀರನ್ನು ಕಾಯಿಸುವ ವ್ಯವಸ್ಥೆಯನ್ನು ನಕ್ಷೆಯ ಮಂಜೂರಾತಿಯ ಕಾಲದಲ್ಲಿಯೇ ಗೊತ್ತುಪಡಿಸುವುದು ನಗರಸಭೆಗಳ ಕರ್ತವ್ಯ. ಸರಕಾರದ ಆಸ್ಪತ್ರೆಗಳೂ ವಿದ್ಯಾರ್ಥಿನಿಲಯಗಳೂ ಈ ಕಾರ್ಯದಲ್ಲಿ ಮೇಲ್ಪಂಕ್ತಿಯನ್ನು ಹಾಕಬೇಕು. ಅಡಿಗೆಯ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದ ಬರುತ್ತಿರುವಾಗ, ನಮ್ಮದೇ ಬಿಸಿಲಿನಿಂದ ಹುಟ್ಟಿದ ವಿದ್ಯುತ್ತು ಹಗಲಿನಲ್ಲಿ ಅಡಿಗೆಮನೆಗೂ ಕಾರ್ಖಾನೆಯ ಬಾಯ್ಲರಿಗೂ ಸುಲಭ ದರದಲ್ಲಿ ಸಿಗುವಂತೆ ಮಾಡುವುದಕ್ಕಿಂತ ಹೆಚ್ಚಿನ ಸ್ವದೇಶಿ ಯಾವುದು? ಶುದ್ಧಿಯ ವೆಚ್ಚವನ್ನೆಲ್ಲ ವಿದ್ಯುತ್ತಿನ ಬಿಲ್ಲಿಗೇ ಅಂಟಿಸಿ ಬ್ರಿಟನ್ನಿನ ತಪ್ಪನ್ನು ಇಲ್ಲಿ ಮತ್ತೊಮ್ಮೆ ಮಾಡಬಾರದೆಂದು ದರವನ್ನು ಗೊತ್ತುಪಡಿಸುವ ಅಧಿಕಾರಿಗಳಿಗೆ ನಾವು ವಿನಯಪೂರ್ವಕವಾಗಿ ಸೂಚಿಸುತ್ತೇವೆ. ಝಾರ್ಖಂಡ, ಛತ್ತೀಸಗಡ, ಒಡಿಸ್ಸಾಗಳಲ್ಲಿ ಇದ್ದಲನ್ನು ಅಗೆದು ಹೊಟ್ಟೆ ಹೊರೆಯುವ ಕೂಲಿಕಾರರಿಗೂ ಗಣಿಗಳ ಅವಧಿಯನ್ನು ವರ್ಷಗಳ ಮುಂಚೆಯೇ ತಿಳಿಸಿ, ಬೇರೆ ಜೀವನೋಪಾಯವನ್ನು ಏರ್ಪಡಿಸತಕ್ಕದ್ದು. ಗಣಿಗಳನ್ನು ಮುಚ್ಚುವ ಪ್ರಶ್ನೆಯಿಂದ ಬ್ರಿಟನ್ನಿನಲ್ಲಿ 1984ರಿಂದ ಒಂದು ವರ್ಷ ನಡೆದ ಮುಷ್ಕರದ ಕಹಿಯು ಅಲ್ಲಿಯ ಗಣಿಯೂರುಗಳಲ್ಲಿ ಇನ್ನೂ ಆರಿಲ್ಲ.

ನಮ್ಮ ಅಭಿಪ್ರಾಯದ ಸಾರವಿಷ್ಟು. ದೀಪದ ಶುದ್ಧಿಗೆ ಇಂಜಿನಿಯರನ ಬುದ್ಧಿಯೂ ಸರಕಾರದ ಶಾಸನವೂ ಬಹುಮಟ್ಟಿಗೆ ಸಾಕು. ಒಲೆಯ ಶುದ್ಧಿಗೆ ಜನರ ಒಪ್ಪಿಗೆ ಬೇಕು. ಹೊರೆಯು ಬಡವನ ಹೆಗಲ ಮೇಲೆ ಬೀಳದೆಂಬ ಭರವಸೆಯಿಲ್ಲದೆ ಆ ಒಪ್ಪಿಗೆಯು ಬಾರದು. ರ‍್ಯಾಟ್‌ಕ್ಲಿಫಿನ ಬಾಗಿಲು ಮುಚ್ಚಿದ್ದನ್ನು ಲೋಕವು ಕೊಂಡಾಡಿತು. ಅದೇ ಊರಿನ ಮನೆಗಳಲ್ಲಿ ಅಂದು ಸಾಯಂಕಾಲವೂ ಅನಿಲದ ಉರಿಯೇ ನೀರನ್ನು ಕಾಯಿಸಿರಬೇಕು. ಅದನ್ನು ಮರೆಯದಿದ್ದರೆ, ಅವರು ಅರ್ಧಕ್ಕೆ ನಿಲ್ಲಿಸಿದ ಕೆಲಸವನ್ನು ಪೂರ್ತಿ ಮಾಡುವ ದಾರಿಯು ನಮಗೆ ದೊರೆತೀತು.